ಶುಕ್ರವಾರದ ಕೂಸುಗಳು

ನಮ್ಮೂರಿನ ಬಸ್ ನಿಲ್ದಾಣದ ಎದುರಿಗೆ ಒಂದು ಗೋಡೆಯಿದೆ. ಪಂಚಾಂಗ ನೋಡದೆ ವಾರ ತಿಳಿಯಬೇಕೆಂದರೆ ಆ ಗೋಡೆಯನ್ನು ನೋಡಿದರೆ ಸಾಕು. ಗುರುವಾರ ರಾತ್ರಿ ಅಂಟಿನ ಬಕೆಟ್ಟು ಹಿಡಿದುಕೊಂಡು ಒಬ್ಬ ಹುಡುಗ ಬರುತ್ತಾನೆ. ಹಳೆಯ ಮುಖಗಳ ಮೇಲೆ ಹೊಸ ಮುಖಗಳನ್ನು ಹಚ್ಚಿ ಹೋಗುತ್ತಾನೆ. ಶುಕ್ರವಾರ ಬೆಳಿಗ್ಗೆ ಶಾಲೆಯ ಕಡೆಯ ಬಸ್ಸಿಗೆ ಕಾಯುತ್ತ ನಿಂತಾಗ ನಾನು ಆ ಗೋಡೆಯನ್ನು ಓದುತ್ತೇನೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ತಪ್ಪದೆ ಮಾಡಿದ ಓದು ಇದೊಂದೇ ಇರಬೇಕು. ಮೊದಲು ಒಂದೊಂದು ಹೆಸರನ್ನು ನಾಲ್ಕೈದು ಶುಕ್ರವಾರ ಓದುತ್ತಿದ್ದೆ. ಈಗ ಹಾಗಿಲ್ಲ. ಹೆಸರು ನಾಲಗೆಗೆ ಹೊಂದಿಕೊಳ್ಳುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಬಂದು ಕೂತಿರುತ್ತದೆ. ಕೆಲವು ಸಿನಿಮಾಗಳಂತೂ ಗೋಡೆಯ ಮೇಲೆ ಮಾತ್ರ ಬಿಡುಗಡೆಯಾಗುತ್ತವೆಯೇನೋ ಎನ್ನುವಂತೆ ಬಂದು ಹೋಗುತ್ತವೆ.

ಸಿನಿಮಾ ನೋಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಚರ್ಚೆಗೆ ನಾನು ಬರುವುದಿಲ್ಲ. ಅದನ್ನು ನಮ್ಮ ಶಿಕ್ಷಕರ ಕೋಣೆಯಲ್ಲಿ ಸಾಕಷ್ಟು ಕೇಳಿದ್ದೇನೆ. ನನ್ನ ತಕರಾರು ಬೇರೆ. ಒಂದು ಸಿನಿಮಾಕ್ಕೆ ನಾವು ಶುಕ್ರವಾರ ಜನ್ಮ ಕೊಟ್ಟು, ಭಾನುವಾರ ರಾತ್ರಿ ಅದರ ಜಾತಕ ಬರೆದು, ಗುರುವಾರ ಮಣ್ಣು ಮಾಡುತ್ತಿದ್ದೇವಲ್ಲ, ಇದು ನ್ಯಾಯವೆ? ಜೂನ್ ಮೊದಲ ವಾರ ಶಾಲೆಗೆ ಸೇರಿದ ಮಗುವಿಗೆ ಮೂರನೆಯ ದಿನ ಪರೀಕ್ಷೆ ಇಟ್ಟು, ಫೇಲಾದವರನ್ನು ನಾಲ್ಕನೆಯ ದಿನ ಮನೆಗೆ ಕಳಿಸಿದರೆ ಊರಿನವರು ನಮ್ಮನ್ನು ಸುಮ್ಮನೆ ಬಿಡುತ್ತಾರೆಯೆ?

ನಾನು ಸಿನಿಮಾ ನೋಡಲು ಕಲಿತದ್ದು ಟೂರಿಂಗ್ ಟಾಕೀಸಿನಲ್ಲಿ. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಊರ ಗೌಡರಿಗೂ ಮಾಸ್ತರರಿಗೂ ನಾಲ್ಕಾರು ಕುರ್ಚಿ. ಗುಲಾಬಿ, ಹಳದಿ ಬಣ್ಣದ ಕರಪತ್ರಗಳನ್ನು ಚಕ್ಕಡಿಯ ಮೇಲಿಂದ ತೂರುತ್ತಿದ್ದರು. ನಾವು ಧೂಳಿನಲ್ಲಿ ಓಡಿ ಹಿಡಿಯುತ್ತಿದ್ದೆವು. ‘ಬಂಗಾರದ ಮನುಷ್ಯ’ ತೆರೆಗೆ ಬಂದದ್ದು 1972ರಲ್ಲಿ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತೆಂಬುದು ಕನ್ನಡಿಗರಿಗೆಲ್ಲ ಬಾಯಿಪಾಠ. ನಮ್ಮ ಟೆಂಟಿಗೆ ಅದು ಬರುವ ಹೊತ್ತಿಗೆ ಎಷ್ಟೋ ಮಳೆಗಾಲಗಳು ಕಳೆದಿದ್ದವು, ನಾನು ಎರಡನೆಯ ಇಯತ್ತೆಯಲ್ಲಿದ್ದೆ. ರೀಲು ಹರಿದು ಹರಿದು ಅಂಟಿಸಿದ್ದರು. ಆದರೂ ಅದು ನಮಗೆ ಹಳೆಯ ಸಿನಿಮಾ ಆಗಿರಲಿಲ್ಲ. ಬರುವ ಮೊದಲೇ ಅದರ ಸುದ್ದಿ ಬಂದಿತ್ತು. ಅವ್ವನಿಗೆ ಅವಳ ತವರಿನವರು ಹೇಳಿದ್ದರು, ಅಪ್ಪನಿಗೆ ಸಂತೆಯಲ್ಲಿ ಯಾರೋ ಹೇಳಿದ್ದರು.

ಆಗಿನ ವ್ಯವಸ್ಥೆಯೇ ಹಾಗಿತ್ತು. ಒಂದು ಪ್ರಿಂಟ್ ತೆಗೆಸುವುದು ದುಬಾರಿಯ ಕೆಲಸ. ಆದ್ದರಿಂದ ಕೆಲವೇ ಪ್ರಿಂಟುಗಳನ್ನು ತೆಗೆಸುತ್ತಿದ್ದರು. ರೀಲಿನ ಪೆಟ್ಟಿಗೆ ಬೆಂಗಳೂರು ಮುಗಿಸಿ ಜಿಲ್ಲೆಗೆ, ಜಿಲ್ಲೆ ಮುಗಿಸಿ ತಾಲ್ಲೂಕಿಗೆ, ಕಡೆಗೆ ಬಸ್ಸಿನ ಟಾಪ್ ಏರಿ ನಮ್ಮಂಥವರ ಟೆಂಟಿಗೆ ಬರುತ್ತಿತ್ತು. ತಡವಾಗುತ್ತಿತ್ತು, ನಿಜ. ಆದರೆ ಮೊದಲು ಮಾತು ಬರುತ್ತಿತ್ತು, ಆಮೇಲೆ ಸಿನಿಮಾ ಬರುತ್ತಿತ್ತು. ಈಗ ಪೆಟ್ಟಿಗೆಯಿಲ್ಲ. ಉಪಗ್ರಹದಿಂದಲೋ ಹಾರ್ಡ್ ಡಿಸ್ಕಿನಿಂದಲೋ ಬೆಂಗಳೂರಿಗೂ ನಮ್ಮೂರಿಗೂ ಒಂದೇ ಶುಕ್ರವಾರ ಒಂದೇ ಹೊತ್ತಿಗೆ ಸಿನಿಮಾ ಇಳಿಯುತ್ತದೆ. ಇದು ದೊಡ್ಡ ಸಮಾನತೆ ಎಂದು ನಾನೂ ಮೊದಲು ಹಿಗ್ಗಿದ್ದೆ. ಆಮೇಲೆ ತಿಳಿಯಿತು: ಈಗ ಸಿನಿಮಾ ಮೊದಲು ಬರುತ್ತದೆ, ಮಾತು ಹಿಂದಿನಿಂದ ಬರುತ್ತದೆ. ಮಾತು ಬಂದು ಮುಟ್ಟುವಷ್ಟರಲ್ಲಿ ಸಿನಿಮಾ ಹೋಗಿರುತ್ತದೆ.

ಕನ್ನಡದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಚಿತ್ರಗಳು ತೆರೆಗೆ ಬರುತ್ತಿವೆ. ವರ್ಷಕ್ಕೆ ಶುಕ್ರವಾರಗಳು 52. ಭಾಗಿಸಿದರೆ ವಾರಕ್ಕೆ ನಾಲ್ಕು ಬಂತು. ಇದು ನಮ್ಮ ಏಳನೆಯ ತರಗತಿಯ ಮಕ್ಕಳೂ ಮಾಡುವ ಲೆಕ್ಕ. ಆದರೆ ನಿಜವಾದ ಲೆಕ್ಕ ಇಷ್ಟು ಸರಳವಿಲ್ಲ. ದೊಡ್ಡ ನಟನ ಚಿತ್ರ ಬರುವ ವಾರ ಉಳಿದವರು ಹಿಂದೆ ಸರಿಯುತ್ತಾರೆ. ಪರೀಕ್ಷೆಯ ಕಾಲ, ಕ್ರಿಕೆಟ್ಟಿನ ಕಾಲ ಎಂದು ಇನ್ನಷ್ಟು ವಾರ ಬಿಡುತ್ತಾರೆ. ಸರಿದವರೆಲ್ಲ ಒಟ್ಟಾಗಿ ಉಳಿದ ಶುಕ್ರವಾರಗಳ ಮೇಲೆ ಬೀಳುತ್ತಾರೆ. ಒಂದೇ ದಿನ ಏಳೆಂಟು ಸಿನಿಮಾ! ಇವುಗಳ ಜೊತೆಗೆ ತೆಲುಗು, ತಮಿಳು, ಹಿಂದಿ. ನಮ್ಮೂರಿನಲ್ಲಿ ಉಳಿದಿರುವುದು ಒಂದೇ ಚಿತ್ರಮಂದಿರ. ಇನ್ನೊಂದು ಈಗ ಕಲ್ಯಾಣ ಮಂಟಪವಾಗಿದೆ. ಒಂದು ತೊಟ್ಟಿಲಿಗೆ ಎಂಟು ಕೂಸು ಹಾಕಿದರೆ ಯಾವುದು ಬದುಕೀತು?

ಈ ಮಾತನ್ನು ನಾನು ಸಿಟ್ಟಿನಿಂದ ಬರೆಯುವುದಕ್ಕೆ ಒಂದು ಕಾರಣವಿದೆ. ಅದನ್ನು ಹೇಳಿಬಿಡುತ್ತೇನೆ.

2018ರ ಆಗಸ್ಟ್ 24. ಶ್ರಾವಣದ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಆ ಒಂದೇ ದಿನ ಕನ್ನಡದಲ್ಲಿ ಮಕ್ಕಳನ್ನೇ ನಡುವೆ ಇಟ್ಟುಕೊಂಡ ಎರಡು ಸಿನಿಮಾಗಳು ಬಂದವು. ಒಂದು ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಗಡಿನಾಡಿನ ಕನ್ನಡ ಶಾಲೆಯೊಂದನ್ನು ಮುಚ್ಚದಂತೆ ಉಳಿಸಿಕೊಳ್ಳುವ ಮಕ್ಕಳ ಕಥೆ. ಇನ್ನೊಂದು ಡಿ. ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’. ಕಳೆದುಹೋದ ತನ್ನ ಹಸುವನ್ನು ಹುಡುಕುತ್ತ ಹೊರಟ ಸಮೀರನೆಂಬ ಪುಟ್ಟ ಹುಡುಗನ ಕಥೆ. ವರ್ಷವಿಡೀ ಮಕ್ಕಳಿಗೆಂದು ಒಂದು ಸಿನಿಮಾ ಕಾಣದ ನಾಡಿನಲ್ಲಿ ಎರಡೂ ಒಂದೇ ದಿನ. ಹಬ್ಬದೂಟಕ್ಕೆ ಎರಡು ಮನೆಯವರು ಒಂದೇ ಹೊತ್ತಿಗೆ ಕರೆದ ಹಾಗಾಯಿತು.

ಮೊದಲನೆಯದನ್ನು ನೋಡಲು ನಾವು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ಎರಡನೆಯದು ನಮ್ಮೂರಿಗೇ ಬಂತು. ದಿನಕ್ಕೆ ಒಂದೇ ಆಟ, ಬೆಳಿಗ್ಗೆ 11 ಗಂಟೆಗೆ. ಮಕ್ಕಳ ಸಿನಿಮಾ, ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ! ಇರಲಿ ಎಂದುಕೊಂಡೆ. ಭಾನುವಾರದ ಪತ್ರಿಕೆಯಲ್ಲಿ ಅದರ ಬಗ್ಗೆ ಓದಿ, ಸೋಮವಾರ ಎಂಟನೆಯ ತರಗತಿಯಲ್ಲಿ ಹೇಳಿದೆ. 43 ಮಕ್ಕಳು. ಅವರಲ್ಲಿ ಚಿತ್ರಮಂದಿರದ ಒಳಗೆ ಒಮ್ಮೆಯೂ ಕಾಲಿಡದವರು ಎಷ್ಟು ಮಂದಿ ಎಂದು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಶನಿವಾರ ಮುಂಜಾನೆಯ ಶಾಲೆ ಬೇಗ ಬಿಡಿಸಿಕೊಂಡು ಹೋಗುವುದೆಂದು ಗೊತ್ತುಮಾಡಿದೆ. ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ, ಪಾಲಕರ ಒಪ್ಪಿಗೆ, ಮೇಲಿನ ಕಚೇರಿಗೊಂದು ಪತ್ರ. ಎಲ್ಲಕ್ಕೂ ಓಡಾಡಿದೆ. ಟಿಕೆಟ್ಟಿಗೂ ಟಂಟಂಗೂ ಸೇರಿ ತಲೆಗೆ 50 ರೂಪಾಯಿ. ಬುಧವಾರದೊಳಗೆ 43 ಮಕ್ಕಳೂ ದುಡ್ಡು ತಂದರು. ಚಿಲ್ಲರೆಯ ಭಾರಕ್ಕೆ ನನ್ನ ಚೀಲದ ಹಿಡಿಕೆ ಜಗ್ಗುತ್ತಿತ್ತು.

ಬುಧವಾರ ಸಂಜೆ ಮುಂಗಡ ಕೊಡಲು ಚಿತ್ರಮಂದಿರಕ್ಕೆ ಹೋದೆ. ಹೊರಗಿನ ಹಲಗೆಯ ಮೇಲೆ ಬೇರೆ ಸಿನಿಮಾ ಇತ್ತು. ಮ್ಯಾನೇಜರು ಒಳ್ಳೆಯ ಮನುಷ್ಯರು, ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಕುರ್ಚಿ ಹಾಕಿಸಿ ಹೇಳಿದರು:

“ನಿನ್ನೀನ ತೆಗದ್ವಿ ಅಕ್ಕೋರ. ಇದು ಶಾಲಿ ಅಲ್ರಿ, ವ್ಯಾಪಾರ. ಸೋಮವಾರದ ಆಟಕ್ಕ ಒಂಬತ್ತು ಮಂದಿ ಇದ್ರು. ಒಂಬತ್ತು ಮಂದಿಗೆ ಫ್ಯಾನ್ ಹಾಕಿದ್ರ ಕರೆಂಟಿನ ದುಡ್ಡೂ ಹುಟ್ಟೂದಿಲ್ಲ.”

“43 ಮಕ್ಕಳು ಬರೋರದಾರ್ರಿ, ಶನಿವಾರ ಒಂದು ಆಟ ಹಾಕ್ರಿ” ಎಂದೆ.

“ಬೆಂಗಳೂರಾಗ ಕೀಲಿ ಹಾಕ್ಯಾರ್ರಿ. ಅವರು ಅಲ್ಲಿಂದ ಬಿಟ್ರ ಇಲ್ಲಿ ಸಿನಿಮಾ, ಇಲ್ಲಂದ್ರ ಇಲ್ಲ. ನನ್ನ ಕೈಯಾಗ ಏನೈತ್ರಿ?”

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಗುರುವಾರ ಮಕ್ಕಳ ಮುಂದೆ ನಿಂತು ದುಡ್ಡು ಹಿಂದಿರುಗಿಸಿದೆ. ಹಾಜರಿ ಕರೆದಂತೆ ಒಬ್ಬೊಬ್ಬರ ಹೆಸರು ಕರೆದು ಕೊಟ್ಟೆ. ಅದಕ್ಕಿಂತ ಕೆಟ್ಟ ಹಾಜರಿಯನ್ನು ನಾನು ಕರೆದಿಲ್ಲ. ಕಡೆಯ ಬೆಂಚಿನ ಒಬ್ಬಳು ಹುಡುಗಿ ಮಾತ್ರ ದುಡ್ಡು ಮುಟ್ಟಲಿಲ್ಲ. ಅವಳ ಅಜ್ಜಿ ಗುಡಿಯ ಮುಂದೆ ಹೂ ಕಟ್ಟುವವಳು. “ನಿಮ್ಮ ಹತ್ರ ಇರ್ಲಿ ಅಕ್ಕೋರ. ಮುಂದಿನ ಸಿನಿಮಾಕ್ಕ ಆಕ್ಕಾವು” ಎಂದಳು.

ಇನ್ನು ಮುಂದಿನದನ್ನು ಕೇಳಿ. 2019ರ ಆಗಸ್ಟ್‌ನಲ್ಲಿ 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಂತು. ಅತ್ಯುತ್ತಮ ಮಕ್ಕಳ ಚಿತ್ರ, ಕಾಸರಗೋಡಿನ ಶಾಲೆಯದು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ, ‘ಒಂದಲ್ಲಾ ಎರಡಲ್ಲಾ’ಕ್ಕೆ. ಒಂದೇ ಶುಕ್ರವಾರ ಹುಟ್ಟಿದ ಎರಡು ಕೂಸುಗಳಿಗೂ ದೆಹಲಿಯ ಪ್ರಶಸ್ತಿ! ಕಾಸರಗೋಡಿನ ಶಾಲೆಯನ್ನು ಜನ ಕೈಹಿಡಿದರು, ಅದು ವಾರಗಟ್ಟಲೆ ಓಡಿತು, ಸಂತೋಷ. ಇನ್ನೊಂದನ್ನು ನಮ್ಮೂರು ಐದನೆಯ ದಿನಕ್ಕೇ ಹೊರಗೆ ಹಾಕಿತ್ತು. ಸಮಾಜ ವಿಜ್ಞಾನದ ಪಾಠದಲ್ಲಿ ನಾನು ಭಾವೈಕ್ಯ ಎಂಬ ಪದವನ್ನು ಹಲಗೆಯ ಮೇಲೆ ಬರೆದು ಅರ್ಥ ಹೇಳುತ್ತೇನೆ. ಆ ಪದಕ್ಕೆ ದೇಶ ಒಪ್ಪಿದ ಉದಾಹರಣೆ ನಮ್ಮ ಶಾಲೆಯಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಬಿಡಿಸಿ ಹೇಳುವ ಕಷ್ಟ ಆ ವರ್ಷ ನನಗೆ ತಪ್ಪಿತು.

ಇದು ಆರೇಳು ವರ್ಷದ ಹಿಂದಿನ ಮಾತು, ಈಗ ಬದಲಾಗಿದೆ ಎನ್ನುವವರಿಗೆ ಇನ್ನೊಂದು ಉದಾಹರಣೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ಕೊಪ್ಪಳ ಸೀಮೆಯ ಸಿನಿಮಾ. ಅದರ ನಾಯಕಿ ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ನಮ್ಮಲ್ಲಿ ತೆರೆಗೆ ಬಂದದ್ದು 2024ರ ಜೂನ್‌ನಲ್ಲಿ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಮೂವರು ಹೆಣ್ಣುಮಕ್ಕಳಿದ್ದಾರೆ. ನಿಮ್ಮಂಥವರ ಬಗ್ಗೆ ಒಂದು ಸಿನಿಮಾ ಬಂದಿದೆ ಎಂದಾಗ ಅವರಲ್ಲಿ ಹಿರಿಯಳು ಸೌಟು ಹಿಡಿದುಕೊಂಡೇ ನಕ್ಕಳು: “ನಮ್ಮನ್ನ ಯಾರು ನೋಡ್ತಾರವ್ವ ತಾಯಿ!” ಕೊರಿಯಾದವರು ನೋಡಿದರು. ಅವಳು ನೋಡಲಿಲ್ಲ. ನಮ್ಮೂರಿನ ಗೋಡೆಗೆ ಆ ಹೆಸರು ಬರಲೇ ಇಲ್ಲ.

“ಸಿನಿಮಾ ಚೆನ್ನಾಗಿದ್ದರೆ ಓಡಿಯೇ ಓಡುತ್ತದೆ” ಎಂದು ಕೆಲವರು ವಾದಿಸುತ್ತಾರೆ. ಉದಾಹರಣೆಗೆ ‘ಸು ಫ್ರಮ್ ಸೋ’ ಎನ್ನುತ್ತಾರೆ. 2025ರ ಜುಲೈ 25ರಂದು ಬಂದ, ದೊಡ್ಡ ಹೆಸರಿನ ನಾಯಕನಿಲ್ಲದ ಆ ಚಿತ್ರ ಜನರ ಬಾಯಿಮಾತಿನಿಂದಲೇ ದಿನದಿಂದ ದಿನಕ್ಕೆ ಬೆಳೆದದ್ದು ನಿಜ. ನಾನೂ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇನೆ. ಆದರೆ ಅದನ್ನು ಮಾಡಿದವರು ಜಾಣರು. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಪ್ರದರ್ಶನ ಇಟ್ಟು ಮಾತನ್ನು ಮುಂದೆ ಕಳಿಸಿದ್ದರು. ಅಂದರೆ ಶುಕ್ರವಾರದ ಹಿಂದಿನ ದಿನಗಳನ್ನು ಅವರು ಸಂಪಾದಿಸಿಕೊಂಡರು. ಅದು ನನ್ನ ಮಾತಿಗೇ ಸಾಕ್ಷಿ. ಮಾತು ನಡೆಯಲು ದಿನ ಬೇಕು. ದಿನ ಸಿಕ್ಕಿದ್ದು ಬದುಕಿತು. ದಿನ ಸಿಗದೆ ಹೋದವುಗಳಲ್ಲಿ ಚೆನ್ನಾಗಿದ್ದವು ಎಷ್ಟಿದ್ದವೆಂದು ಯಾರಿಗೂ ತಿಳಿಯುವ ಹಾಗಿಲ್ಲ. ನೂರು ಮಕ್ಕಳಲ್ಲಿ ಒಬ್ಬ ಬೀದಿದೀಪದ ಕೆಳಗೆ ಓದಿ ಮುಂದೆ ಬಂದನೆಂದು ಉಳಿದವರಿಗೆ ಮನೆಯಲ್ಲಿ ದೀಪ ಬೇಡ ಎನ್ನಬಹುದೆ?

“ಹೋಗಲಿ ಬಿಡಿ ಮೇಡಂ, ಫೋನಿನಲ್ಲಿ ಬರುತ್ತದೆ” ಎನ್ನುವುದು ಇನ್ನೊಂದು ವಾದ. ಎಲ್ಲವೂ ಬರುವುದಿಲ್ಲ, ದೊಡ್ಡ ಗಳಿಕೆ ಮಾಡದ ಸಣ್ಣ ಕನ್ನಡ ಚಿತ್ರವನ್ನು ಕೊಳ್ಳುವವರು ಅಲ್ಲಿಯೂ ಕಡಿಮೆ. ಬಂದರೂ ಅಂಗೈ ಅಗಲದ ಗಾಜಿನಲ್ಲಿ ಒಬ್ಬನೇ ಕೂತು ನೋಡುವುದಕ್ಕೂ, 43 ಮಕ್ಕಳು ಕತ್ತಲಲ್ಲಿ ಒಟ್ಟಿಗೆ ಉಸಿರು ಹಿಡಿದು ನೋಡುವುದಕ್ಕೂ ವ್ಯತ್ಯಾಸವಿಲ್ಲವೆ? ಹಾಗಿಲ್ಲದಿದ್ದರೆ ಪಾಠವನ್ನೂ ಫೋನಿನಲ್ಲೇ ಕೊಡಬಹುದಿತ್ತು. 2020ರಲ್ಲಿ ಕೊಟ್ಟು ನೋಡಿದೆವು. ಏನಾಯಿತೆಂದು ಮಾಸ್ತರರನ್ನೂ ಮಕ್ಕಳನ್ನೂ ಕೇಳಿ.

ಟಿಕೆಟ್ ಬೆಲೆಯ ಗಲಾಟೆಯೂ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಗರಿಷ್ಠ 200 ರೂಪಾಯಿ ಎಂದು ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಬೆಂಗಳೂರಿನವರಿಗೆ ಅದು ದೊಡ್ಡ ವಿಷಯ, ಒಪ್ಪುತ್ತೇನೆ. ಆದರೆ ನಮ್ಮೂರಿನ ಟಿಕೆಟ್ಟು ಎಂದೂ 200 ಮುಟ್ಟಿಲ್ಲ. ನಮ್ಮ ಬಡತನ ಬೆಲೆಯದಲ್ಲ, ದಿನಗಳದು. ಮಂಗಳವಾರ ತೆಗೆದುಹಾಕಿದ ಸಿನಿಮಾದ ಟಿಕೆಟ್ಟು ನೂರಾದರೇನು, ಹತ್ತಾದರೇನು?

ಇಷ್ಟೆಲ್ಲ ಬೈದ ಮೇಲೆ ನನ್ನ ಕಡೆಗೂ ಒಂದು ಬೆರಳು ತಿರುಗಿಸಬೇಕು. ಮ್ಯಾನೇಜರು ಹೇಳಿದ ಆ ಒಂಬತ್ತು ಮಂದಿಯ ಲೆಕ್ಕ ನನ್ನನ್ನು ಬಹಳ ದಿನ ಕಾಡಿತು. ಆಗ ನಮ್ಮ ಶಾಲೆಯಲ್ಲಿ 11 ಮಂದಿ ಶಿಕ್ಷಕರಿದ್ದೆವು. ತಿಂಗಳಿಗೆ ಸರಿಯಾಗಿ ಸಂಬಳ ಬರುವವರು. ಶುಕ್ರವಾರ ಹಬ್ಬ, ಭಾನುವಾರ ರಜೆ. ನಮ್ಮಲ್ಲಿ ಒಬ್ಬರೂ ಆ ಸಿನಿಮಾಕ್ಕೆ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ, ಪತ್ರಿಕೆಯಲ್ಲಿ ಓದಿ ಮೆಚ್ಚಿಕೊಂಡೆ, ಅಷ್ಟೆ. ನಾವು ಮನೆಯವರೊಂದಿಗೆ ಹೋಗಿದ್ದರೆ 40 ಜನರಾಗುತ್ತಿತ್ತು, ಸಿನಿಮಾ ಶನಿವಾರದವರೆಗೆ ನಿಲ್ಲುತ್ತಿತ್ತೋ ಏನೋ. ನೌಕರಿಯ ಮೊದಲ ವರ್ಷಗಳಲ್ಲಿ ಮ್ಯಾಟಿನಿಗೆ ಹೋಗಿ ಸಿಕ್ಕಿಬಿದ್ದ ಹುಡುಗನನ್ನು ನಾನು ಇಡೀ ತರಗತಿಯ ಮುಂದೆ ನಿಲ್ಲಿಸಿ ಅಂದಿದ್ದೇನೆ. ಯಾವ ಸಿನಿಮಾ ನೋಡಿದೆ, ಅದರಲ್ಲಿ ಏನಿತ್ತು ಎಂದು ಕೇಳಲಿಲ್ಲ. ಮಕ್ಕಳಿಗೆ ಒಳ್ಳೆಯ ಸಿನಿಮಾ ಇಲ್ಲವೆಂದು ಭಾಷಣ ಮಾಡುವವರೂ ನಾವೇ, ಬಂದಾಗ ಮನೆಯಲ್ಲಿ ಧಾರಾವಾಹಿಯ ಮುಂದೆ ಕೂಡುವವರೂ ನಾವೇ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಹೇಳುತ್ತೇನೆ. ಮೊದಲನೆಯದು ಲೆಕ್ಕದ ಮಾತು. ದಿನಕ್ಕೊಂದು ಆಟದಂತೆ ವಾರಕ್ಕೆ ಏಳು ಆಟ ಕೊಟ್ಟು, ಐದನ್ನು ಖಾಲಿ ಕುರ್ಚಿಗಳಿಗೆ ತೋರಿಸುತ್ತಾರೆ. ಅದರ ಬದಲು ಮಕ್ಕಳ ಸಿನಿಮಾವನ್ನು ಶನಿವಾರ ಮಧ್ಯಾಹ್ನ ಒಂದು, ಭಾನುವಾರ ಬೆಳಿಗ್ಗೆ ಒಂದು ಎಂದು ನಾಲ್ಕು ವಾರ ತೋರಿಸಲಿ. ಎಂಟು ಆಟವಾಯಿತು. ಒಂದೇ ಒಂದು ಆಟ ಹೆಚ್ಚು, ಆದರೆ ಏಳು ದಿನದ ಆಯುಷ್ಯ ಒಂದು ತಿಂಗಳಾಯಿತು. ಉಳಿದ ದಿನ ಅದೇ ತೆರೆಯ ಮೇಲೆ ಬೇಕಾದ ನಾಯಕ ಬೇಕಾದಷ್ಟು ಜನರನ್ನು ಹೊಡೆಯಲಿ, ನನ್ನ ತಕರಾರಿಲ್ಲ. ಪೆಟ್ಟಿಗೆಯಿದ್ದ ಕಾಲದಲ್ಲಿ ಇದು ಕಷ್ಟವಿತ್ತು. ಕೀಲಿ ತೆರೆದರೆ ಸಿನಿಮಾ ಇಳಿಯುವ ಈ ಕಾಲದಲ್ಲಿ ಯಾಕೆ ಆಗದು?

ಎರಡನೆಯದು ಸಿನಿಮಾ ಮಾಡುವವರಿಗೆ. ಅವರಿಗೊಂದು ವಾಣಿಜ್ಯ ಮಂಡಳಿಯಿದೆ. ಎಂಟು ಮಂದಿ ಒಂದೇ ಬಾಗಿಲಲ್ಲಿ ನುಗ್ಗುವ ಬದಲು ಸರದಿ ನಿಲ್ಲುವುದನ್ನು ಅಲ್ಲಿ ಕೂತು ಗೊತ್ತುಮಾಡಿಕೊಳ್ಳಬಾರದೆ? ಕಾಯಿದೆ ಬೇಡ, ಒಪ್ಪಂದ ಸಾಕು. ನಾವು ಒಂದನೆಯ ತರಗತಿಯ ಮಕ್ಕಳಿಗೆ ಮೊದಲು ಕಲಿಸುವುದೇ ನೀರಿನ ನಲ್ಲಿಯ ಮುಂದೆ ಸಾಲು ನಿಲ್ಲುವುದನ್ನು.

ಮೂರನೆಯದು ಸರ್ಕಾರಕ್ಕೆ. ಗುಣಮಟ್ಟದ ಚಿತ್ರಗಳಿಗೂ ಮಕ್ಕಳ ಚಿತ್ರಗಳಿಗೂ ಸಹಾಯಧನ ಕೊಡುತ್ತೀರಿ, ಪ್ರಶಸ್ತಿ ಕೊಡುತ್ತೀರಿ. ಅದು ನಮ್ಮ ತೆರಿಗೆಯ ದುಡ್ಡು. ಮಾಡಲು ಕೊಟ್ಟ ಹಾಗೆ ತೋರಿಸಲೂ ಸ್ವಲ್ಪ ಕೊಡಿ. ಪ್ರಶಸ್ತಿ ಬಂದ ಮಕ್ಕಳ ಚಿತ್ರ ಪ್ರತಿ ತಾಲ್ಲೂಕಿನಲ್ಲಿ ನಾಲ್ಕು ಶನಿವಾರ ತೆರೆಯ ಮೇಲಿರಲಿ. ಶಾಲೆಗಳಿಗೆ ವರ್ಷದ ಮೊದಲೇ ಒಂದು ಸುತ್ತೋಲೆ ಕಳಿಸಿ. ನಮ್ಮಂಥವರು ಪತ್ರ ಹಿಡಿದು ಮೂರು ದಿನ ಓಡಾಡುವಷ್ಟರಲ್ಲಿ ಸಿನಿಮಾದ ತಿಥಿ ಮುಗಿದಿರುತ್ತದೆ.

ನಾಲ್ಕನೆಯದು ನಮಗೆ, ಅಂದರೆ ನಿಮಗೆ ಮತ್ತು ನನಗೆ. ಚೆನ್ನಾಗಿದೆ ಎಂದು ಕೇಳಿದ ಸಿನಿಮಾಕ್ಕೆ ಮುಂದಿನ ವಾರ ಹೋಗೋಣ ಎನ್ನಬೇಡಿ. ಮುಂದಿನ ವಾರ ಎಂಬುದು ಈಗ ಇಲ್ಲ. ನಾನು ನಿಯಮ ಮಾಡಿಕೊಂಡಿದ್ದೇನೆ. ನಮ್ಮೂರಿನ ಗೋಡೆಯ ಮೇಲೆ ಅಂಥ ಹೆಸರು ಕಂಡರೆ ಆ ಶುಕ್ರವಾರವೇ ಶಾಲೆ ಬಿಟ್ಟವಳು ನೇರ ಚಿತ್ರಮಂದಿರಕ್ಕೆ ಹೋಗುತ್ತೇನೆ. ಮನೆಯವರು ಮೊದಲು ಗೊಣಗಿದರು, ಈಗ ಅವರೇ ಟಿಕೆಟ್ಟು ತೆಗೆಸಿ ನಿಂತಿರುತ್ತಾರೆ. ಇಬ್ಬರು ಸಹೋದ್ಯೋಗಿಗಳೂ ಜೊತೆಯಾಗಿದ್ದಾರೆ. ಒಂಬತ್ತು ಇದ್ದದ್ದು ಹದಿಮೂರಾದರೆ ಅಷ್ಟಾಯಿತು.

ಹಿಂದಿನ ವರ್ಷ ಜಾತ್ರೆಯಲ್ಲಿ ಆ ಹೂವಿನಜ್ಜಿಯ ಮೊಮ್ಮಗಳು ಸಿಕ್ಕಳು. ಮದುವೆಯಾಗಿದೆ, ಕಂಕುಳಲ್ಲಿ ಕೂಸು. ಎಂಟನೆಯ ತರಗತಿಯ ಎಲ್ಲರ ಯೋಗಕ್ಷೇಮ ವಿಚಾರಿಸಿದಳು. ಹೊರಡುವಾಗ ನಕ್ಕು ಕೇಳಿದಳು: “ಅಕ್ಕೋರ, ಆ ಆಕಳ ಸಿನಿಮಾ ಮತ್ತ ಬಂತೇನ್ರಿ?”

ಇಲ್ಲವೆಂದೆ. ನನ್ನ ಹತ್ತಿರ ಅವಳ 50 ರೂಪಾಯಿ ಇನ್ನೂ ಇದೆ ಎಂದು ನೆನಪಿಸಿದೆ. ಕೂಸಿನ ಕೈಗೆ ಕೊಡಲು ಹೋದರೆ ಅವಳು ಬೇಡವೆಂದಳು. “ಇವ ದೊಡ್ಡಾವ ಆಗ್ಲಿರಿ” ಎಂದಳು.

ಆ ಸಾಲ ನನ್ನ ಮೇಲಿದೆ. ಆ ಕೂಸು ಎಂಟನೆಯ ತರಗತಿಗೆ ಬರುವ ಹೊತ್ತಿಗೆ ನಾನು ನಿವೃತ್ತಳಾಗಿರುತ್ತೇನೆ. ಆದರೆ ನಮ್ಮೂರಿನಲ್ಲಿ ಒಂದು ಚಿತ್ರಮಂದಿರವಾದರೂ ಉಳಿದಿರಬೇಕು, ಅದರಲ್ಲಿ ಮಕ್ಕಳದೊಂದು ಸಿನಿಮಾ ಶುಕ್ರವಾರ ಬಂದು ಮುಂದಿನ ಶನಿವಾರದವರೆಗಾದರೂ ನಿಂತಿರಬೇಕು. ನಾನು ಕೇಳುತ್ತಿರುವುದು ಎಂಟು ದಿನ. ಇದು ಬಹಳವಾಯಿತೆ?